ಮೂರು ಬ್ರೋಷರ್, ಒಂದೇ ಪ್ಯಾರಾ

"ಈ ಪ್ಯಾರಾ ಎರಡರಲ್ಲೂ ಇದೆಯಲ್ಲಪ್ಪ?"

ಮೇಷ್ಟ್ರು ಎರಡು ಬ್ರೋಷರ್ ತಂದು ನನ್ನ ಕೀಬೋರ್ಡಿನ ಮೇಲೇ ಇಟ್ಟರು. ಎರಡರಲ್ಲೂ ಒಂದೊಂದು ಪ್ಯಾರಾ ಸುತ್ತ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದರು.

"ಎರಡಲ್ಲ ಮೇಷ್ಟ್ರೇ, ಮೂರು" ಅಂದೆ. ಸುಳ್ಳು ಹೇಳಿ ಪ್ರಯೋಜನ ಇರಲಿಲ್ಲ. ಮೂರನೆಯದು ಆಗಲೇ ಮಷೀನಿನ ಮೇಲೆ ಓಡುತ್ತಿತ್ತು.

ನಾನು ಮೈಸೂರಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಈ ಊರಲ್ಲಿ ಕಲಾವಿದರು ಜಾಸ್ತಿ. ಹಾಗಾಗಿ ಚಿತ್ರಪ್ರದರ್ಶನದ ಬ್ರೋಷರ್‌ಗಳೂ ಬರುತ್ತವೆ. ಕಲಾವಿದರು ಫೋಟೋ ತರುತ್ತಾರೆ, ಬಯೋಡೇಟಾ ತರುತ್ತಾರೆ, ಬರಹ ಮಾತ್ರ ತರುವುದಿಲ್ಲ. "ನೀವೇ ಏನಾದ್ರೂ ನಾಲ್ಕು ಸಾಲು ಹಾಕ್ಬಿಡಿ" ಅನ್ನುತ್ತಾರೆ. ನಾನು ಹಾಕುತ್ತಿದ್ದೆ. "ಇವರ ಕುಂಚದಲ್ಲಿ ಬಣ್ಣಗಳು ಮಾತಾಡುತ್ತವೆ. ಸಂಪ್ರದಾಯ ಮತ್ತು ಆಧುನಿಕತೆಯ ಸುಂದರ ಸಂಗಮವಾದ ಈ ಕೃತಿಗಳು ನೋಡುಗರ ಮನಸೂರೆಗೊಳ್ಳುತ್ತವೆ." ಇದನ್ನು ಒಂದು ಫೈಲಿನಲ್ಲಿ ಉಳಿಸಿಟ್ಟಿದ್ದೆ. ಹೆಸರು ಬದಲಿಸುವುದು, ಅಂಟಿಸುವುದು. ಒಬ್ಬರು ಜಲವರ್ಣದಲ್ಲಿ ಚಾಮುಂಡಿ ಬೆಟ್ಟ ಬರೆಯುವವರು. ಇನ್ನೊಬ್ಬರು ಅಮೂರ್ತ ಚಿತ್ರದವರು. ಇಬ್ಬರಿಗೂ ಅದೇ ಪ್ಯಾರಾ ಸರಿಹೋಯಿತು. ಇಬ್ಬರೂ ಥ್ಯಾಂಕ್ಸ್ ಹೇಳಿದರು. ಒಂದು ಪತ್ರಿಕೆಯ ಸ್ಥಳೀಯ ಪುಟದಲ್ಲಿ ಪ್ರದರ್ಶನದ ಸುದ್ದಿ ಬಂದಾಗ ನನ್ನ ಸಾಲುಗಳೇ ಅಕ್ಷರ ಬಿಡದೆ ಅಚ್ಚಾಗಿದ್ದವು. ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳೇಕೆ.

ಇಷ್ಟು ದಿನದಲ್ಲಿ ಇದನ್ನು ಹಿಡಿದವರು ಮೇಷ್ಟ್ರು ಒಬ್ಬರೇ. ಅವರು ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ಮೂರು ತಿಂಗಳಿಗೊಮ್ಮೆ ಸಮಕಾಲೀನ ಕಲೆಯ ಮೇಲೆ ಒಂದು ಸಣ್ಣ ಕನ್ನಡ ಪತ್ರಿಕೆ ತರುತ್ತಾರೆ. 48 ಪುಟ, ಡೆಮಿ 1/4 ಅಳತೆ, ನಡುವೆ 8 ಪುಟ ಬಣ್ಣ, 500 ಪ್ರತಿ. ಅಚ್ಚಾಗುವುದು ನಮ್ಮಲ್ಲೇ. ಐದು ವರ್ಷದಿಂದ ಅದರ ಪುಟ ಕಟ್ಟುತ್ತಿದ್ದವನು ನಾನು. ಒಂದು ಲೇಖನವನ್ನೂ ಓದಿರಲಿಲ್ಲ. ಡಿಟಿಪಿಯವನು ಅಕ್ಷರ ನೋಡುತ್ತಾನೆ, ಅಷ್ಟೇ.

"ಬರೆಯೋಕೆ ಕೈ ಬರುತ್ತೆ ನಿನಗೆ. ನೋಡೋಕೆ ಬರಲ್ಲ" ಅಂದರು ಮೇಷ್ಟ್ರು. "ಮುಂದಿನ ಸಂಚಿಕೆಗೆ ನೀನೇ ಒಂದು ವಿಮರ್ಶೆ ಬರೆ. ಸಾವಿರದಿನ್ನೂರು ಪದ. ಈ ಪ್ಯಾರಾದ ಒಂದು ಪದವೂ ಅದರಲ್ಲಿ ಇರಕೂಡದು."

ಶಿಕ್ಷೆ ಅಂತಲೇ ತಗೊಂಡೆ. ನಾನೂ ಕಾವಾದಲ್ಲಿ, ಅಂದರೆ ನಮ್ಮ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಎರಡು ವರ್ಷ ಓದಿ ಬಿಟ್ಟವನು. ಮನೆ ಕಷ್ಟ, ಬಿಡಿ. ಚಿತ್ರ ನೋಡುವುದು ನನಗೆ ಗೊತ್ತು ಅಂದುಕೊಂಡಿದ್ದೆ.

ಪ್ರದರ್ಶನ ಇದ್ದದ್ದು ಕಲಾಮಂದಿರದ ಆವರಣದಲ್ಲಿರುವ ಸುಚಿತ್ರ ಕಲಾ ಗ್ಯಾಲರಿಯಲ್ಲಿ. ಪಾಂಡವಪುರ ಕಡೆಯ ಹುಡುಗಿ, ಮೊದಲ ಏಕವ್ಯಕ್ತಿ ಪ್ರದರ್ಶನ, 14 ಚಿತ್ರ. ಊಟದ ಬಿಡುವಿನಲ್ಲಿ ಹೋದೆ. ಪಂಪ್‌ಸೆಟ್ಟು, ಆಲೆಮನೆ, ಕಬ್ಬಿನ ಟ್ರ್ಯಾಕ್ಟರು, ವಿಸಿ ನಾಲೆಯ ತೂಬು. ಎಲ್ಲದರಲ್ಲೂ ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಇರುವಂಥ ಗೆಸ್ಸೋ ಉಬ್ಬು, ಅಂದರೆ ಅಂಟು ಬೆರೆಸಿದ ಲೇಪದಿಂದ ಎಬ್ಬಿಸಿದ್ದು, ಅದರ ಮೇಲೆ ಬಂಗಾರದ ಹಾಳೆ. ದೇವರ ಕಿರೀಟಕ್ಕೆ ಹಚ್ಚುವ ಬಂಗಾರವನ್ನು ಇವಳು ಪಂಪ್‌ಸೆಟ್ಟಿಗೆ ಹಚ್ಚಿದ್ದಳು. ಐಡಿಯಾ ಚೆನ್ನಾಗಿದೆ ಅನ್ನಿಸಿತು. ಇಪ್ಪತ್ತು ನಿಮಿಷದಲ್ಲಿ ನೋಡಿ ಮುಗಿಸಿದೆ. ರಾತ್ರಿ ಕೂತು ಒಂಬೈನೂರು ಪದ ಬರೆದೆ. ರೈತರ ಬವಣೆ, ಮಣ್ಣಿನ ವಾಸನೆ, ಹೆಣ್ಣುಮಗಳ ಛಲ, ಎಲ್ಲ ಬಂತು.

ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದು, ಕೇಳಿದರು. "ಬಾಗಿಲ ಪಕ್ಕ ಯಾವ ಚಿತ್ರ ಇತ್ತು?"

ಗೊತ್ತಿರಲಿಲ್ಲ.

"ಪಂಪ್‌ಸೆಟ್ಟಿನ ಚಿತ್ರ ಎಷ್ಟು ದೊಡ್ಡದು? ಬೆಳಕು ಯಾವ ಕಡೆಯಿಂದ ಬರುತ್ತೆ ಅದರಲ್ಲಿ? ಗೆಸ್ಸೋ ಎಷ್ಟು ಎತ್ತರ? ಉಗುರಿನಷ್ಟಾ, ಬೆರಳಿನಷ್ಟಾ?"

ಯಾವುದೂ ಗೊತ್ತಿರಲಿಲ್ಲ. ಬರಹದ ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಒಂದೇ ಪದ ಹನ್ನೆರಡು ಸಲ ಇತ್ತು. "ಯಾಕೆ?" ಪರಿಣಾಮಕಾರಿ ಅಂದಿದ್ದೆ. ಯಾಕೆ? ದಿಟ್ಟ ಅಂದಿದ್ದೆ. ಯಾಕೆ? ಕೊನೆಯಲ್ಲಿ ಬರೆದಿದ್ದರು: "ಇದು ಅವಳ ಊರಿನ ಬಗ್ಗೆ ಇದೆ. ಚಿತ್ರ ಎಲ್ಲಿ?"

ಆ ಭಾನುವಾರ ನನ್ನನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋದರು. 1861ರ ಅರಮನೆ, 1915ರಿಂದ ಚಿತ್ರಶಾಲೆ. ಚಿಕ್ಕಂದಿನಿಂದ ಹತ್ತು ಸಲ ನೋಡಿದ್ದೇನೆ. ಬೇರೆ ಊರಿಂದ ನೆಂಟರು ಬಂದರೆ ಮೃಗಾಲಯ, ಅರಮನೆ, ಜಗನ್ಮೋಹನ, ಬೆಟ್ಟ, ಇದೇ ತಾನೇ ನಮ್ಮ ದಾರಿ. ಅಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಲ್ಲಿಸಿದರು. "ಒಂದು ಗಂಟೆ ಇಲ್ಲೇ ನಿಲ್ಲು. ನಾನು ಆಚೆ ಕೂತಿರ್ತೀನಿ" ಅಂತ ಹೇಳಿ ಹೋದರು.

ಮೊದಲ ಹತ್ತು ನಿಮಿಷ ಬೇಜಾರು. ಆಮೇಲೆ ಜನ ಏನಂತಾರೆ ಅಂತ ಕೇಳಿಸಿಕೊಂಡೆ. ಬಂದ ಪ್ರತಿ ಗುಂಪಿನಲ್ಲೂ ಒಬ್ಬರಾದರೂ "ರವಿವರ್ಮನದು" ಅಂದರು. ಅದೇ ಕಟ್ಟಡದಲ್ಲಿ ರವಿವರ್ಮನ ಚಿತ್ರಗಳು ಇರುವುದರಿಂದ ಹಾಗನ್ನಿಸುವುದು ಸಹಜ. ಆದರೆ ಅದು ಎಸ್.ಎಲ್. ಹಲ್ದಣಕರ್ ಬರೆದದ್ದು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಅರ್ಧ ಗಂಟೆ ಆದಮೇಲೆ ನಿಜವಾಗಿ ನೋಡಲು ಶುರು ಮಾಡಿದೆ ಅನಿಸುತ್ತದೆ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಕೆಂಪಗಿವೆ. ಕರೆಂಟು ಹೋದಾಗ ಟಾರ್ಚಿಗೆ ಅಂಗೈ ಮುಚ್ಚಿದರೆ ಆಗುತ್ತಲ್ಲ, ಹಾಗೆ. ದೀಪಕ್ಕಿಂತ ಆ ಬೆರಳುಗಳೇ ಬೆಳಕನ್ನು ತೋರಿಸುತ್ತವೆ. ಇದು ಎಣ್ಣೆ ಬಣ್ಣವಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕು ಅಂದರೆ ಹೆಚ್ಚಾಗಿ ಬಣ್ಣ ಹಚ್ಚದೆ ಬಿಟ್ಟ ಕಾಗದ. ಎಲ್ಲಿ ಬಿಡಬೇಕು ಅಂತ ಮೊದಲೇ ಗೊತ್ತಿರಬೇಕು.

ಆಚೆ ಬಂದು ಮೇಷ್ಟ್ರಿಗೆ ಬೆರಳಿನ ವಿಷಯ ಹೇಳಿದೆ. "ಹ್ಞೂಂ. ಈಗ ಹೋಗಿ ಅವಳ ಚಿತ್ರ ನೋಡು. ಒಂದು ಮಾತು. ಬರೆದು ಮುಗಿಸೋ ತನಕ ಆ ಹುಡುಗಿ ಹತ್ತಿರ ಮಾತಾಡಬೇಡ. ಕಲಾವಿದರು ಬಾಯಲ್ಲಿ ಹೇಳಿದ್ದನ್ನೇ ನೀನು ಚಿತ್ರದಲ್ಲಿ ಕಂಡೆ ಅಂತ ಬರೀತೀಯ" ಅಂದರು.

ಈ ಮಾತು ನೆನಪಿಟ್ಟುಕೊಳ್ಳಿ. ಆಮೇಲೆ ಬರುತ್ತೆ.

ಎರಡನೇ ಸಲ ಪ್ರೆಸ್ಸಿನ ಸ್ಟೀಲ್ ಸ್ಕೇಲು, ಒಂದು ನೋಟ್ ಬುಕ್ಕು ಹಿಡಿದು ಹೋದೆ. ಅರ್ಧ ದಿನ ರಜೆ. ಚಿತ್ರಕ್ಕೆ ಸ್ಕೇಲು ತಾಗಿಸದೆ ದೂರದಿಂದಲೇ ಅಳೆದೆ. ಪಕ್ಕಕ್ಕೆ ನಿಂತು ಗೆಸ್ಸೋ ಉಬ್ಬು ನೋಡಿದೆ. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲು ಕೂರಿಸುತ್ತಾರೆ. ನಮ್ಮ ಮೈಸೂರು ಕೆಲಸ ತೆಳು, ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ಇವಳು ಆ ತೆಳುತನ ಬಿಟ್ಟಿರಲಿಲ್ಲ. ಕಬ್ಬಿನ ಗಿಣ್ಣುಗಳನ್ನು ಒಂದೊಂದಾಗಿ ಗೆಸ್ಸೋದಲ್ಲಿ ಎಬ್ಬಿಸಿದ್ದಳು. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಗದ್ದೆ ಕಾಣುತ್ತದೆ. ನೇರ ನಿಂತರೆ ಬರೀ ಹಸಿರು.

ನಾಲ್ಕನೇ ಚಿತ್ರದ ಮುಂದೆ ತುಂಬ ಹೊತ್ತು ನಿಂತೆ. ಎರಡಡಿ ಅಗಲ, ಮೂರಡಿ ಎತ್ತರ. ಮೋಟಾರ್ ಸ್ಟಾರ್ಟರ್ ಡಬ್ಬಿ, ಮುಚ್ಚಳ ತೆರೆದಿದೆ. ಗೋಡೆ ಬೂದು, ಡಬ್ಬಿ ಬೂದು, ವೈರು ಕಪ್ಪು. ಮುಚ್ಚಳದ ಒಳಮೈಗೆ ಮಾತ್ರ ಬಂಗಾರ. ಜನ ಇಲ್ಲ, ಹೊಲ ಇಲ್ಲ. ಗರ್ಭಗುಡಿಯ ಬಾಗಿಲು ತೆಗೆದ ಹಾಗಿತ್ತು. ಇದು ಅವಳ ಅತ್ಯುತ್ತಮ ಚಿತ್ರ ಅಂತ ಬರೆದುಕೊಂಡೆ, ಪಕ್ಕದಲ್ಲಿ "ಯಾಕೆ?" ಅಂತ ನಾನೇ ಹಾಕಿಕೊಂಡೆ.

ಅಷ್ಟರಲ್ಲಿ ಒಬ್ಬ ವಯಸ್ಸಾದ ರೈತರು ಬಂದರು. ಹೆಗಲ ಮೇಲೆ ಟವೆಲ್ಲು. ಪಕ್ಕದಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಬಂದವರು ಇರಬೇಕು. ಚಿತ್ರದ ಹತ್ತಿರ ಮುಖ ಇಟ್ಟು ನೋಡಿ ನನ್ನ ಕಡೆ ತಿರುಗಿದರು. "ಈ ಸ್ಟಾರ್ಟ್ರು ಸುಟ್ಟೋಗದೆ ಕಣಪ್ಪ. ನೋಡು, ಅಂಚಲ್ಲಿ ಕರ್ರಗಾಗದೆ."

ನಕ್ಕೆ. ಹೌದು ಯಜಮಾನ್ರೇ ಅಂದೆ. ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ.

ಮೂರು ಗಂಟೆಯ ಕೊನೆಗೆ ನನಗೊಂದು ಅಭಿಪ್ರಾಯ ಬಂದಿತ್ತು. ಬದುಕಿನಲ್ಲಿ ಮೊದಲ ಸಲ ಚಿತ್ರದ ಬಗ್ಗೆ ಬೇರೆಯವರದಲ್ಲದ ಅಭಿಪ್ರಾಯ. 14ರಲ್ಲಿ 5 ಚಿತ್ರಗಳಲ್ಲಿ ಬಂಗಾರ ಇರಬೇಕಾದ ಕಡೆ ಇತ್ತು. ದುಡ್ಡು ಎಲ್ಲಿಂದ ಬರುತ್ತದೋ, ಎಲ್ಲಿ ಸೋರುತ್ತದೋ, ಅಲ್ಲಿ. ಸ್ಟಾರ್ಟರಿನ ಮುಚ್ಚಳ, ತೂಬಿನ ಬಾಯಿ, ತೂಕದ ಚೀಟಿಯ ಅಂಚು. ಉಳಿದ 9ರಲ್ಲಿ ಬಂಗಾರ ಹಬ್ಬದ ಸೀರಿಯಲ್ ಸೆಟ್ಟಿನ ಥರ ಎಲ್ಲ ಕಡೆ ಇತ್ತು. ಆಲೆಮನೆಯ ಚಿತ್ರದಲ್ಲಿ ಹೊಗೆಯೂ ಬಂಗಾರ, ಕೊಪ್ಪರಿಗೆಯೂ ಬಂಗಾರ, ಬೆಲ್ಲವೂ ಬಂಗಾರ. ಎಲ್ಲವೂ ಹೊಳೆದರೆ ಕಣ್ಣು ಎಲ್ಲಿ ನಿಲ್ಲಬೇಕು?

ಬರೆಯುವಾಗ ಬೇರೆ ತೊಂದರೆ. ಪದಗಳು. ಹೊಸ ಕಲೆಗೆ ಕನ್ನಡದಲ್ಲಿ ಮಾಡಿಕೊಂಡ ಪದಗಳು ಅರ್ಧ ಮೇಷ್ಟ್ರುಗಳಿಗೇ ಗೊತ್ತು. ಟೆಕ್ಸ್ಚರಿಗೆ ಮೈವಳಿಕೆ ಅಂತಾರೆ, ಅದು ಚೆಂದ. ಆದರೆ ಒಂದು ಜಾಗದಲ್ಲಿ ವಸ್ತುಗಳನ್ನು ಜೋಡಿಸಿ ಮಾಡುವ ಇನ್‌ಸ್ಟಲೇಶನ್ನಿಗೆ ಪ್ರತಿಷ್ಠಾಪನಾ ಕಲೆ ಅಂತಾರೆ. ಒಮ್ಮೆ ಮನೆಯಲ್ಲಿ ಪ್ರೂಫ್ ಓದುತ್ತಿದ್ದಾಗ ಆ ಪದ ನಮ್ಮ ಅಮ್ಮನ ಕಿವಿಗೆ ಬಿತ್ತು. "ಯಾವ ದೇವರ ಪ್ರತಿಷ್ಠಾಪನೆನೋ?" ಅಂದರು. ಮೇಷ್ಟ್ರು ಈ ವಿಷಯದಲ್ಲಿ ಹಟ ಮಾಡುವುದಿಲ್ಲ. ಗೆಸ್ಸೋ ಅನ್ನು ಗೆಸ್ಸೋ ಅಂತಲೇ ಬರೆ, ಸ್ಟಾರ್ಟರ್ ಅನ್ನು ಸ್ಟಾರ್ಟರ್ ಅಂತಲೇ ಬರೆ ಅಂದರು. ಅವರು ಒಪ್ಪದ ಪದಗಳು ಬೇರೆ. ಅನನ್ಯ, ಅದ್ಭುತ, ಭಾವಪೂರ್ಣ, ಆಯಾಮ. "ಆಯಾಮ ಅಂತ ಬರೆದವನು ನೋಡಿರಲ್ಲ" ಅನ್ನುವುದು ಅವರ ಲೆಕ್ಕ. ಇದು ಸ್ವಲ್ಪ ಜಾಸ್ತಿಯಾಯಿತು ಅಂತ ನನಗೆ ಅನಿಸುತ್ತದೆ. ಆದರೆ ನಾನಂತೂ ಆ ಪದ ಬಿಟ್ಟಿದ್ದೇನೆ.

ಎರಡನೇ ಕರಡು ಕೊಟ್ಟ ಸಂಜೆ ಸರಸ್ವತಿಪುರಂನ ಅವರ ಮನೆಯಲ್ಲಿ ಅಟ್ಟದಿಂದ ಒಂದು ಕಬ್ಬಿಣದ ಟ್ರಂಕು ಇಳಿಸಿದೆವು. ಒಳಗೆಲ್ಲ ಹಳೆ ಕಲಾಪತ್ರಿಕೆಗಳು. 1946ರಲ್ಲಿ ಮುಲ್ಕ್ ರಾಜ್ ಆನಂದ್ ಮುಂಬೈಯಲ್ಲಿ ಶುರು ಮಾಡಿದ ಮಾರ್ಗ್. ಕರ್ನಾಟಕ ಲಲಿತಕಲಾ ಅಕಾಡೆಮಿಯ ಕಲಾವಾರ್ತೆ. 1996ರಲ್ಲಿ ಮುಂಬೈಯಿಂದಲೇ ಹೊರಟ ಆರ್ಟ್ ಇಂಡಿಯಾ. ನಾನು ಎಲ್ಲವನ್ನೂ ಮೊದಲು ಬೆನ್ನು ತಿರುಗಿಸಿ ಬೈಂಡಿಂಗ್ ನೋಡಿದೆ. ಅಭ್ಯಾಸ ಬಲ.

ಅದರಲ್ಲಿ ವೃಶ್ಚಿಕ್ ಪತ್ರಿಕೆಯ ಕೆಲವು ಸಂಚಿಕೆಗಳ ಜೆರಾಕ್ಸ್ ಇತ್ತು. ಬರೋಡದಲ್ಲಿ ಗುಲಾಮ್ ಮೊಹಮ್ಮದ್ ಶೇಖ್ ಮತ್ತು ಭೂಪೇನ್ ಖಖ್ಖರ್ 1969ರಿಂದ 1973ರವರೆಗೆ ನಡೆಸಿದ್ದು. ಇಬ್ಬರೂ ಚಿತ್ರ ಬರೆಯುವವರೇ. ಹೆಸರಿನ ಅರ್ಥ ಚೇಳು. ದೆಹಲಿಯ ಲಲಿತಕಲಾ ಅಕಾಡೆಮಿ ನಡೆಯುತ್ತಿದ್ದ ರೀತಿಯನ್ನೂ ಅದರಲ್ಲಿ ಬಿಡದೆ ಟೀಕಿಸಿದ್ದರು. "ತೆಳ್ಳಗಿದೆ ನೋಡು. ನಮ್ಮದಕ್ಕಿಂತಲೂ ತೆಳ್ಳಗೆ. ಆದ್ರೂ ಕುಟುಕಿತು" ಅಂದರು ಮೇಷ್ಟ್ರು.

ಇನ್ನೊಂದು ಆರ್ಟ್‌ಫೋರಂ. 1962ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, ಲಾಸ್ ಏಂಜಲೀಸಿಗೆ ಹೋಗಿ, 1967ರಲ್ಲಿ ನ್ಯೂಯಾರ್ಕ್ ಸೇರಿದ ಪತ್ರಿಕೆ. ಚೌಕಾಕಾರ. ನಮ್ಮ ಶೀಟ್ ಸೈಜಿನಲ್ಲಿ ಚೌಕ ಕತ್ತರಿಸಿದರೆ ಎಷ್ಟು ಕಾಗದ ದಂಡ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಪುಟ ತಿರುಗಿಸಿದರೆ ಮುಗಿಯದಷ್ಟು ಜಾಹೀರಾತು, ಬಹುತೇಕ ಗ್ಯಾಲರಿಗಳದ್ದೇ. ಯಾರ ಪ್ರದರ್ಶನದ ಬಗ್ಗೆ ಬರೆಯಬೇಕೋ ಅವರದೇ ದುಡ್ಡಿನಲ್ಲಿ ಪತ್ರಿಕೆ ನಡೆಯಬೇಕು. ಮೇಷ್ಟ್ರು ಒಂದು ಕಥೆ ಹೇಳಿದರು. 1974ರ ನವೆಂಬರ್ ಸಂಚಿಕೆಯಲ್ಲಿ ಲಿಂಡಾ ಬೆಂಗ್ಲಿಸ್ ಎಂಬ ಕಲಾವಿದೆ ದುಡ್ಡು ಕೊಟ್ಟು ತನ್ನದೇ ನಗ್ನ ಫೋಟೋ ಹಾಕಿಸಿದಳು. ಪತ್ರಿಕೆಯ ಐವರು ಸಂಪಾದಕರು ಮುಂದಿನ ಸಂಚಿಕೆಯಲ್ಲೇ ಅದನ್ನು ವಿರೋಧಿಸಿ ಪತ್ರ ಬರೆದರು. ಅವರಲ್ಲಿ ರೋಸಲಿಂಡ್ ಕ್ರಾಸ್, ಆನೆಟ್ ಮೈಕಲ್‌ಸನ್ ಪತ್ರಿಕೆಯನ್ನೇ ಬಿಟ್ಟು 1976ರಲ್ಲಿ ಅಕ್ಟೋಬರ್ ಅನ್ನೋ ಬೇರೆ ಪತ್ರಿಕೆ ಶುರು ಮಾಡಿದರು. ಆ ಫೋಟೋ ಅಶ್ಲೀಲವೋ ಧೈರ್ಯವೋ ಅಂತ ಜನ ಇವತ್ತಿಗೂ ಜಗಳ ಆಡುತ್ತಾರಂತೆ. ನನಗೆ ಹಿಡಿಸಿದ್ದು ಬೇರೆ. ತಮ್ಮ ಪತ್ರಿಕೆ ಮಾಡಿದ್ದು ತಪ್ಪು ಅಂತ ಅದೇ ಪತ್ರಿಕೆಯ ಒಳಗೇ ಅಚ್ಚು ಹಾಕಿದರಲ್ಲ, ಅದು.

ನಮ್ಮೂರಿನ ಎನ್.ಎಸ್. ಹರ್ಷ ಅವರ ಚಿತ್ರಗಳ ಬಗ್ಗೆ ನಾನು ಮೊದಲು ಓದಿದ್ದು ಕೂಡ ಆ ಟ್ರಂಕಿನಲ್ಲೇ, ಇಂಗ್ಲಿಷಿನಲ್ಲಿ. ಕಾವಾದಲ್ಲೇ ಓದಿದವರು. 2008ರಲ್ಲಿ ಕಾರ್ಡಿಫ್‌ನಲ್ಲಿ ಆರ್ಟೆಸ್ ಮುಂಡಿ ಬಹುಮಾನ ಬಂತು, 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಮ್ಮಿನಲ್ಲಿ ದೊಡ್ಡ ಪ್ರದರ್ಶನವಾಯಿತು. ಸಾಲುಸಾಲಾಗಿ ಕೂತ ಪುಟ್ಟ ಪುಟ್ಟ ಜನರನ್ನು ಬರೆಯುತ್ತಾರಲ್ಲ, ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ, ಒಬ್ಬರಂತೆ ಒಬ್ಬರಿಲ್ಲ. ಆ ಪಂಕ್ತಿ ನಮಗೆ ಗೊತ್ತಿರುವಷ್ಟು ಇಂಗ್ಲಿಷಿನಲ್ಲಿ ಬರೆದವರಿಗೆ ಗೊತ್ತಿರಲು ಸಾಧ್ಯವೇ? ಕೊನೆಗೆ ಕೂತವನಿಗೆ ಪಾಯಸ ಬರುತ್ತೋ ಇಲ್ವೋ ಅನ್ನೋ ಆತಂಕ ಅವರಿಗೆಲ್ಲಿ ಗೊತ್ತು? ಆದರೆ ಅದನ್ನು ಕನ್ನಡದಲ್ಲಿ ಬರೆಯಬೇಕಾದ ನಾನು ಫೈಲಿನಿಂದ ಪ್ಯಾರಾ ಅಂಟಿಸುತ್ತಾ ಕೂತಿದ್ದೆ.

ಮೂರನೇ ಕರಡಿನಲ್ಲಿ 1,140 ಪದ ಉಳಿಯಿತು. 5 ಚಿತ್ರ ಗೆದ್ದಿವೆ, 9 ಗೆದ್ದಿಲ್ಲ, ಯಾಕೆ ಅನ್ನುವುದು ಇದು. ಮೇಷ್ಟ್ರು ಎರಡು ಅಲ್ಪವಿರಾಮ ತೆಗೆದು, "ಕಟ್ಟು ಪುಟ" ಅಂದರು.

ಮೈಸೂರು ದೊಡ್ಡ ಊರಲ್ಲ. ಪುಟಗಳ ಪ್ರೂಫ್ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟಿದ್ದೆ. ಒಬ್ಬ ಫ್ರೇಮ್ ಅಂಗಡಿಯವರು ಬಿಲ್ ಬುಕ್ಕು ತಗೊಳ್ಳಲು ಬಂದರು. ಪತ್ರಿಕೆಯ ಹಿಂಬದಿ ರಕ್ಷಾಪುಟದ ಜಾಹೀರಾತು ಅವರದೇ, ಸಂಚಿಕೆಗೆ 6,000 ರೂಪಾಯಿ. ಆ 14 ಚಿತ್ರಗಳಿಗೆ ಚೌಕಟ್ಟು ಹಾಕಿದವರೂ ಅವರೇ. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ನಿಂತಲ್ಲೇ ಓದಿ ಮುಗಿಸಿದ್ದರು.

"ಪಾಪ, ಹಳ್ಳಿ ಹುಡುಗಿ. ಮೊದಲ ಸಲ. ಹೊಟ್ಟೆ ಮೇಲೆ ಯಾಕ್ರೀ ಹೊಡೀತೀರಿ?" ಅಂದರು. ಜಾಹೀರಾತು ಬೇಡ ಅಂದರು. ಕೋಪ ಇರಲಿಲ್ಲ ಅವರಲ್ಲಿ. ಅದೇ ಕಷ್ಟವಾಯಿತು. ಕೋಪ ಮಾಡಿಕೊಂಡಿದ್ದರೆ ನಾನೂ ಮಾಡಿಕೊಳ್ಳಬಹುದಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂಬತ್ತು ಅನ್ನುವುದನ್ನು ಕೆಲವು ಅಂತ ಮಾಡೋಣ ಅಂದುಕೊಂಡೆ. ಫೈಲು ನನ್ನ ಕಂಪ್ಯೂಟರಿನಲ್ಲೇ ಇದೆ, ಯಾರಿಗೆ ಗೊತ್ತಾಗುತ್ತೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡುತ್ತಿದ್ದ ಮೇಷ್ಟ್ರನ್ನು ಹಿಡಿದು ಹೇಳಿದೆ. ಅವರು ನಡೆಯುತ್ತಲೇ ಇದ್ದರು.

"ಸೋತ ಒಂಬತ್ತರ ಬಗ್ಗೆ ಎಷ್ಟು ಪ್ಯಾರಾ ಬರೆದಿದ್ದೀಯ?"

"ಮೂರು."

"ಗೆದ್ದ ಐದರ ಬಗ್ಗೆ?"

"ಹನ್ನೊಂದು."

"ಅವಳ ಬಗ್ಗೆ ಹನ್ನೊಂದು ಪ್ಯಾರಾ ಈ ಊರಲ್ಲಿ ಯಾರು ಬರೆದಿದ್ದಾರೆ ಹೇಳು ನೋಡೋಣ."

ಆಮೇಲೆ ವಿಸ್ಲರ್ ಕಥೆ ಹೇಳಿದರು. ಲಂಡನ್ನಿನಲ್ಲಿ 1877ರಲ್ಲಿ ವಿಸ್ಲರ್ ಅನ್ನೋ ಚಿತ್ರಕಾರ ಕತ್ತಲಲ್ಲಿ ಪಟಾಕಿ ಸಿಡಿಯುವ ಚಿತ್ರ ಪ್ರದರ್ಶನಕ್ಕಿಟ್ಟ. ಕಪ್ಪು, ಮೇಲೆ ಬಂಗಾರದ ಚುಕ್ಕಿ. ವಿಮರ್ಶಕ ರಸ್ಕಿನ್ ತಾನೇ ನಡೆಸುತ್ತಿದ್ದ ಪತ್ರಿಕೆಯಲ್ಲಿ, ಜನರ ಮುಖಕ್ಕೆ ಬಣ್ಣದ ಡಬ್ಬಿ ಎರಚಿ 200 ಗಿನಿ ಕೇಳುತ್ತಾನೆ ಅಂತ ಬರೆದ. ವಿಸ್ಲರ್ ಕೇಸು ಹಾಕಿದ, 1878ರಲ್ಲಿ ಗೆದ್ದ. ಪರಿಹಾರ ಎಷ್ಟು ಗೊತ್ತಾ? ಒಂದು ಫಾರ್ದಿಂಗ್. ಕಾಲು ಪೆನ್ನಿ. ಕೋರ್ಟು ಖರ್ಚಿಗೆ ಸಾಲದೆ ಮರುವರ್ಷ ದಿವಾಳಿಯಾದ.

"ಅಲ್ಲಿ ವಿಮರ್ಶಕನದೇ ತಪ್ಪಿತ್ತಲ್ಲ ಮೇಷ್ಟ್ರೇ?" ಅಂದೆ.

"ಹೌದು. ರಸ್ಕಿನ್ ಬೈದ, ನೋಡಲಿಲ್ಲ. ನೀನು ನೋಡಿದ್ದೀಯ ತಾನೇ?"

ಒಂಬತ್ತು ಒಂಬತ್ತಾಗಿಯೇ ಉಳಿಯಿತು. ಹಿಂಬದಿ ರಕ್ಷಾಪುಟ ಖಾಲಿ ಬಿಟ್ಟೆವು. ಖಾಲಿ ಬಿಳಿ ಪುಟ ನೋಡಲು ಚೆಂದ, ಬೈಂಡಿಂಗಿನವರಿಗೆ ಶಾಪ. 500ರಲ್ಲಿ ಎಷ್ಟೋ ಪ್ರತಿಗಳ ಹಿಂದೆ ಬೆರಳಚ್ಚು ಇತ್ತು.

ಬಣ್ಣದ ಫಾರಂ ಅಚ್ಚಾದ ದಿನ ಇನ್ನೊಂದು ವಿಷಯ ಆಯಿತು. ಆಫ್‌ಸೆಟ್ಟಿನಲ್ಲಿ ನಾಲ್ಕೇ ಇಂಕು. ನೀಲಿ, ಕೆಂಪು, ಹಳದಿ, ಕಪ್ಪು. ಅವುಗಳಿಂದ ಬಂಗಾರ ಬರುವುದಿಲ್ಲ. ಬಂಗಾರದ ಇಂಕು ಬೇರೆ ಹಾಕಬೇಕು, ಅದಕ್ಕೆ ಬೇರೆ ಪ್ಲೇಟು, ಬೇರೆ ದುಡ್ಡು. ಹಾಗಾಗಿ ಅವಳ ಬಂಗಾರವೆಲ್ಲ ಸಾಸಿವೆ ಬಣ್ಣವಾಗಿ ಬಂತು. ಶೀಟು ಕೈಯಲ್ಲಿ ಹಿಡಿದು ನೋಡಿದರೆ ಮೈ ಜುಮ್ಮೆಂದಿತು. ಆಲೆಮನೆಯ ಚಿತ್ರದಲ್ಲಿ ಹೊಳಪು ಹೋದ ಮೇಲೆ ಏನೂ ಉಳಿದಿರಲಿಲ್ಲ. ಸ್ಟಾರ್ಟರ್ ಡಬ್ಬಿ ಮಾತ್ರ ಸಾಸಿವೆ ಬಣ್ಣದಲ್ಲೂ ಹಾಗೇ ನಿಂತಿತ್ತು. ನಾನು ಬರೆದದ್ದೇ ಸಾಬೀತಾಯಿತಲ್ಲ! ಮಷೀನ್ ನಿಲ್ಲಿಸಿಬಿಡ್ತೀನಿ, ಇದನ್ನೊಂದು ಪ್ಯಾರಾ ಸೇರಿಸ್ತೀನಿ ಅಂತ ಮೇಷ್ಟ್ರಿಗೆ ಫೋನ್ ಮಾಡಿದೆ.

"ಬೇಡ" ಅಂದರು. "ಅದು ನಿನ್ನ ಪ್ರೆಸ್ಸಿನ ಮಿತಿ. ಅವಳ ಚಿತ್ರದ್ದಲ್ಲ. ಫೋಟೋ ನೋಡಿ ವಿಮರ್ಶೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ."

ಆಗ ಬೇಜಾರಾಯಿತು. ಈಗಲೂ ಆ ಪ್ಯಾರಾ ಚೆನ್ನಾಗಿರುತ್ತಿತ್ತು ಅನಿಸುತ್ತದೆ.

ಸಂಚಿಕೆ ಹೊರಬಂತು. ಕೆಲವರು ಫೋನ್ ಮಾಡಿದರು. ಇಬ್ಬರು ಕಲಾವಿದರು ನಮ್ಮ ಪ್ರೆಸ್ಸಿಗೆ ಬ್ರೋಷರ್ ಕೊಡುವುದನ್ನು ನಿಲ್ಲಿಸಿದರು, ಓನರ್ ನನ್ನ ಮುಖ ನೋಡಿ ಸುಮ್ಮನಾದರು. ಮೂರು ವಾರದ ಮೇಲೆ ಮೇಷ್ಟ್ರು ಒಂದು ಪತ್ರ ತಂದರು. ನೋಟ್ ಬುಕ್ಕಿನ ಹಾಳೆ, ಎರಡೂ ಕಡೆ ನೀಲಿ ಬಾಲ್ ಪೆನ್ನು. ಆ ಹುಡುಗಿಯದು.

ಹನ್ನೊಂದು ಪ್ಯಾರಾಗೆ ಥ್ಯಾಂಕ್ಸ್ ಹೇಳಿದ್ದಳು. ಆಲೆಮನೆಯ ಹೊಗೆಯ ಬಗ್ಗೆ ಬರೆದದ್ದು ಸರಿ ಅಂದಿದ್ದಳು, ಅದು ಅವಸರದಲ್ಲಿ ಮಾಡಿದ್ದು. ತೂಬಿನ ಚಿತ್ರ ನಾನು ಹೊಗಳಿದಷ್ಟು ಚೆನ್ನಾಗಿಲ್ಲ ಅಂತಲೂ ಬರೆದಿದ್ದಳು. ಆಮೇಲೆ ವಿಷಯಕ್ಕೆ ಬಂದಿದ್ದಳು. ನೀವು ಬಂಗಾರ, ಬಂಗಾರ ಅಂತ ಉದ್ದಕ್ಕೂ ಬರೆದಿದ್ದೀರಿ. ಅದು ಚಿನ್ನ ಅಲ್ಲ. ಹಿತ್ತಾಳೆಯ ಹಾಳೆ. ಚಿನ್ನದ ಹಾಳೆ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಆದರೆ ಅದೊಂದೇ ಕಾರಣ ಅಲ್ಲ. ಹಿತ್ತಾಳೆ ಹಾಳೆಗೆ ವಾರ್ನಿಶ್ ಹೊಡೆದರೆ ಹೊಳಪು ಉಳಿಯುತ್ತೆ. ನಾನು ಹೊಡೆದಿಲ್ಲ. ಗಾಳಿ ತಾಗಿ ಅಂಚಿನಿಂದ ಕಪ್ಪಾಗುತ್ತಾ ಬರಲಿ ಅಂತ. ಸ್ಟಾರ್ಟರಿನ ಚಿತ್ರದಲ್ಲಿ ಆಗಲೇ ಶುರುವಾಗಿತ್ತು. ನೀವು ಗಮನಿಸಿದ್ದೀರಿ ಅಂದುಕೊಂಡಿದ್ದೆ.

ಟವೆಲ್ಲು ಹೊದ್ದ ಯಜಮಾನರು ನೆನಪಾದರು. ಅಂಚಲ್ಲಿ ಕರ್ರಗಾಗದೆ ಕಣಪ್ಪ.

ಮೂರು ಗಂಟೆ ನಿಂತು, ಸ್ಕೇಲು ಹಿಡಿದು ಅಳೆದು, ಮೂರು ಸಲ ತಿದ್ದಿ ಬರೆದವನಿಗೆ ಕಾಣದ್ದು ಅವರಿಗೆ ಅರ್ಧ ನಿಮಿಷದಲ್ಲಿ ಕಂಡಿತ್ತು. ಅವಳನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು. ಕೇಳಬೇಡ ಅಂದವರು ಎದುರಿಗೇ ಕೂತಿದ್ದರು.

"ಏನ್ ಮಾಡೋದು ಮೇಷ್ಟ್ರೇ?"

"ಪೂರ್ತಿ ಹಾಕು. ಒಂದು ಸಾಲೂ ಬಿಡಬೇಡ. ನಿನ್ನ ವಿಮರ್ಶೆ ಯಾವ ಪುಟದಲ್ಲಿ ಬಂದಿತ್ತು?"

"ಹನ್ನೆರಡು."

"ಇದೂ ಹನ್ನೆರಡರಲ್ಲೇ ಬರಲಿ." ಸ್ವಲ್ಪ ಹೊತ್ತು ಸುಮ್ಮನಿದ್ದು, ಪತ್ರದ ಕೆಳಗೆ ಕೆಂಪು ಇಂಕಿನಲ್ಲಿ ಒಂದು ಸಾಲು ಸೇರಿಸಿದರು. "ಕಲಾವಿದೆಯೊಂದಿಗೆ ಮಾತಾಡಬೇಡ ಎಂದು ವಿಮರ್ಶಕರಿಗೆ ಹೇಳಿದವನು ನಾನು. - ಸಂ."

ವಿಮರ್ಶಕ ಅಂತ ನನ್ನನ್ನು ಕರೆದದ್ದು ಅದೇ ಮೊದಲು.

ಪತ್ರವನ್ನು ನಾನೇ ಟೈಪ್ ಮಾಡಿದೆ. ವಿಮರ್ಶೆಗೆ ಹಾಕಿದ್ದ ಅದೇ ಅಕ್ಷರ, ಅದೇ 11 ಪಾಯಿಂಟು. ಎರಡು ಕಡೆ ಅವಳ ಅಲ್ಪಪ್ರಾಣ ಮಹಾಪ್ರಾಣ ತಪ್ಪಿತ್ತು, ತಿದ್ದಿದೆ. ಎಲ್ಲರದೂ ತಿದ್ದುತ್ತೇವಲ್ಲ. ಪತ್ರಕ್ಕೆ ಅವಳು ತಲೆಬರಹ ಕೊಟ್ಟಿರಲಿಲ್ಲ. ನಾನೇ ಹಾಕಿದೆ, 24 ಪಾಯಿಂಟು, ಬೋಲ್ಡ್: "ಅದು ಚಿನ್ನ ಅಲ್ಲ".